ಹರಡು ಮುಚ್ಚುವ ಅಂಗಿ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಕಡೆ ಕ್ರೈಸ್ತ ಗುರುಗಳ ಉಡುಪಿಗೆ ಪ್ರತ್ಯೇಕ ಹೆಸರು ಹುಡುಕಿಕೊಂಡು ಯಾರೂ ಕೂತಿಲ್ಲ. ‘ಪಾದ್ರಿ ಅಂಗಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಪಕ್ಕದ ಹಳಿಯಾಳ ತಾಲ್ಲೂಕಿನಲ್ಲಿ ಕ್ರೈಸ್ತ ಸಿದ್ದಿಗಳ ಊರುಗಳಿವೆ, ಇತ್ತ ಹುಬ್ಬಳ್ಳಿ–ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಚರ್ಚುಗಳಿವೆ. ಹಾಗಾಗಿ ಕುತ್ತಿಗೆಯಿಂದ ಕಾಲಿನ ತನಕ ಒಂದೇ ಸಮನೆ ಇಳಿದ ಆ ಬಿಳಿ ಅಂಗಿಯನ್ನು ಈ ಭಾಗದವರು ಬಸ್ಸಿನಲ್ಲೋ ಆಸ್ಪತ್ರೆಯಲ್ಲೋ ಶಾಲೆಯ ಅಂಗಳದಲ್ಲೋ ಕಂಡೇ ಇರುತ್ತಾರೆ. ಪುಸ್ತಕದ ಕನ್ನಡಕ್ಕೆ ಬಂದರೆ ಅದು ನಿಲುವಂಗಿ. ಮಂಗಳೂರಿನ ಕೊಂಕಣಿಗರ ಬಾಯಲ್ಲಿ ಲೋಬ್. ಕಾಸರಗೋಡಿನಲ್ಲಿ ಮಲಯಾಳ ಮಾತಾಡುವವರನ್ನು ಕೇಳಿದರೆ ಳೋಹ ಅನ್ನುತ್ತಾರೆ. ತಮಿಳಿನಲ್ಲಿ ಬರೀ ಅಂಗಿ. ಇಂಗ್ಲಿಷಿನಲ್ಲಿ ಕ್ಯಾಸಾಕ್, ಫ್ರೆಂಚಿನಲ್ಲಿ ಸುತಾನ್, ಹಳೆಯ ಲ್ಯಾಟಿನ್ನಿನಲ್ಲಿ ವೆಸ್ತಿಸ್ ತಾಲಾರಿಸ್.

ಇಷ್ಟು ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ನನಗೆ ಎದ್ದು ಕಂಡದ್ದು ಇದು: ಒಂದರಲ್ಲೂ ದೇವರಿಲ್ಲ, ಪೂಜೆಯಿಲ್ಲ, ಪವಿತ್ರ ಎಂಬ ಅರ್ಥವೇ ಇಲ್ಲ. ಒಂದು ಹೆಸರು ಕುದುರೆ ಸವಾರನ ಕೋಟಿನದು, ಇನ್ನೊಂದು ಒಳಗೆ ತೊಡುವ ಬಟ್ಟೆಯದು, ಮತ್ತೊಂದು ಬರೀ ಉದ್ದದ ಅಳತೆ. ಎಲ್ಲವೂ ಜನಸಾಮಾನ್ಯರ ದಿನನಿತ್ಯದ ಬಟ್ಟೆಯ ಹೆಸರುಗಳು. ಉಳಿದವರು ಬೇರೆ ಬಟ್ಟೆಗೆ ಹೋದರು, ಗುರುಗಳು ಹಳೆಯದನ್ನೇ ಉಳಿಸಿಕೊಂಡರು, ಹಾಗೆ ಉಳಿದದ್ದಕ್ಕೇ ಅದು ಗುರುಗಳ ಉಡುಪಾಯಿತು. ಧರ್ಮ ಧರ್ಮಗಳ ನಡುವೆ ಉಡುಪನ್ನೇ ಗೋಡೆ ಮಾಡಿಕೊಳ್ಳುತ್ತಿರುವ ಈ ದಿನಗಳಲ್ಲಿ ಈ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು ಅನಿಸಿತು.

ಕ್ಯಾಸಾಕ್‌ನಿಂದ ಶುರು ಮಾಡೋಣ. ಇಂಗ್ಲಿಷಿಗೆ ಈ ಪದ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚಿನ ‘ಕಜಾಕ್’ ಎಂಬ ಪದದಿಂದ. ಆಗ ಅದರ ಅರ್ಥ ಸೈನಿಕರೂ ಸವಾರರೂ ತೊಡುತ್ತಿದ್ದ ಉದ್ದನೆಯ ಮೇಲಂಗಿ. ಚರ್ಚಿನ ಉಡುಪು ಎಂಬ ಅರ್ಥ ಗಟ್ಟಿಯಾದದ್ದು 17ನೇ ಶತಮಾನದಲ್ಲಿ. ಫ್ರೆಂಚಿಗೆ ಅದು ಎಲ್ಲಿಂದ ಬಂತು ಎಂಬಲ್ಲಿ ವಿದ್ವಾಂಸರದು ಎರಡು ಪಂಗಡ. ತುರ್ಕಿ ಭಾಷೆಗಳಲ್ಲಿ ‘ಕಜಾಕ್’ ಅಂದರೆ ಯಾರ ಹಂಗಿಗೂ ಸಿಗದೆ ಅಲೆಯುವವ, ಸ್ವತಂತ್ರ ಸಾಹಸಿ. ಕಜಾಕಿಸ್ತಾನದ ಹೆಸರಿನಲ್ಲಿರುವುದೂ ರಷ್ಯಾದ ಕೊಸಾಕ್ ಕುದುರೆ ದಂಡಿನ ಹೆಸರಿನಲ್ಲಿರುವುದೂ ಇದೇ ಪದ. ಆ ಸವಾರರು ತೊಡುವ ಕೋಟಿಗೆ ಅವರದೇ ಹೆಸರು ಬಂತು ಎಂಬುದು ಮೊದಲ ಪಂಗಡದ ವಾದ. ಪಾರಸಿಯ ‘ಕಝಾಗಂದ್’ ಇದರ ಮೂಲ ಎನ್ನುವುದು ಎರಡನೆಯವರ ವಾದ. ಕಝ್ ಅಂದರೆ ಕಚ್ಚಾ ರೇಷ್ಮೆ, ಆಗಂದ್ ಅಂದರೆ ತುಂಬಿದ್ದು. ಬಾಣ, ಕತ್ತಿಯ ಏಟು ತಡೆಯಲಿ ಎಂದು ಒಳಗೆ ರೇಷ್ಮೆ ತುಂಬಿ ಹೊಲಿದ ದಪ್ಪ ಯುದ್ಧದಂಗಿ ಅದು. ಯಾವ ವಾದ ಹಿಡಿದರೂ ಕಡೆಗೆ ಸಿಗುವವನು ಏಷ್ಯಾದ ಒಬ್ಬ ಸವಾರ. ಯೂರೋಪಿನ ಉಡುಪು ಎಂದು ನಾವು ತಿಳಿದದ್ದರ ಹೆಸರು ಹೊರಟದ್ದು ಪೂರ್ವದಿಂದ.

ಇಂಗ್ಲೆಂಡಿನ ಚರ್ಚು 1604ರಲ್ಲಿ ಮಾಡಿಕೊಂಡ ನಿಯಮಗಳಲ್ಲಿ 74ನೆಯದು ಪಾದ್ರಿಗಳ ಉಡುಪಿನದು. ಒಳಗಿನ ಬಿಗಿ ಕುಪ್ಪಸ, ಕಾಲುಚೀಲಗಳಲ್ಲೇ ಸಾರ್ವಜನಿಕ ಜಾಗಕ್ಕೆ ಬರಬಾರದು, ಮೇಲೆ ಕೋಟನ್ನೋ ಕ್ಯಾಸಾಕನ್ನೋ ತೊಟ್ಟು ಬರಬೇಕು ಎಂಬ ಮಾತು ಅದರಲ್ಲಿದೆ. ಕೋಟಾದರೂ ಸರಿ, ಕ್ಯಾಸಾಕಾದರೂ ಸರಿ. ಅಂದರೆ ಅದರ ಮೇಲೆ ಪಾವಿತ್ರ್ಯದ ಮುದ್ರೆ ಆಗಿನ್ನೂ ಬಿದ್ದಿರಲಿಲ್ಲ. ನಾಲ್ಕು ಜನರ ನಡುವೆ ಮೈತುಂಬ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಮನೆಯ ಹಿರಿಯರು ಹೇಳುತ್ತಾರಲ್ಲ, ಅಷ್ಟೇ ಅದರ ತಾತ್ಪರ್ಯ.

ಫ್ರೆಂಚಿನ ಸುತಾನ್ ಇನ್ನೂ ಸರಳ. ಇಟಾಲಿಯನ್ನಿನ ‘ಸೊತ್ತಾನ’ದಿಂದ ಬಂದದ್ದು. ಸೊತ್ತೊ ಅಂದರೆ ಕೆಳಗೆ, ಅಡಿಗೆ. ಮೇಲುಡುಪಿನ ಅಡಿಗೆ ತೊಡುವ ಬಟ್ಟೆ ಅಷ್ಟೇ. ಕೊಂಕಣಿಯ ಲೋಬ್, ಮಲಯಾಳದ ಳೋಹ ಎರಡೂ ಪೋರ್ಚುಗೀಸರ ‘ಲೋಬ’ದ ಮಕ್ಕಳು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ನಮ್ಮ ಕರಾವಳಿಯ ಭಾಷೆಗಳಿಗೆ ಕೊಟ್ಟುಹೋದ ಪದಗಳ ಗುಂಪಿನಲ್ಲೇ ಇವೂ ಇವೆ. ಪಾದ್ರಿ ಎಂಬುದೇ ಅವರ ಪದ, ಅರ್ಥ ತಂದೆ. ಇಗರ್ಜಿಯೂ ಅವರದೇ. ಘಟ್ಟ ಹತ್ತಿ ಕಲಘಟಗಿಯ ಸೀಮೆಗೆ ಬರುವ ಹೊತ್ತಿಗೆ ಪಾದ್ರಿ ಉಳಿದ, ಲೋಬ್ ಉಳಿಯಲಿಲ್ಲ. ಬಟ್ಟೆಗೆ ಇಲ್ಲಿಯವರು ತಮ್ಮ ಅಂಗಿಯನ್ನೇ ಕೊಟ್ಟರು.

ಇವೆಲ್ಲಕ್ಕಿಂತ ಹಳೆಯ ಹೆಸರು ವೆಸ್ತಿಸ್ ತಾಲಾರಿಸ್. ವೆಸ್ತಿಸ್ ಅಂದರೆ ಬಟ್ಟೆ, ತಾಲುಸ್ ಅಂದರೆ ಕಾಲಿನ ಹರಡು. ಹರಡಿನ ಮಟ್ಟಕ್ಕೆ ಇಳಿಯುವ ಬಟ್ಟೆ. ಜರ್ಮನ್ನರು ಇಂದಿಗೂ ತಮ್ಮ ಪಾಸ್ಟರುಗಳ ಕರಿಯ ಗೌನಿಗೆ ‘ತಲಾರ್’ ಅನ್ನುತ್ತಾರೆ, ಅದೂ ಇದೇ. ರೋಮ್ ಸಾಮ್ರಾಜ್ಯದಲ್ಲಿ ಮರ್ಯಾದಸ್ಥ ಗೃಹಸ್ಥರು ಉದ್ದ ಅಂಗಿ ತೊಡುತ್ತಿದ್ದರು. ಉತ್ತರದಿಂದ ಬಂದ ಜರ್ಮಾನಿಕ್ ಬುಡಕಟ್ಟುಗಳ ಆಳ್ವಿಕೆ ಬಂದ ಮೇಲೆ ಮೊಣಕಾಲ ಮಟ್ಟದ ಗಿಡ್ಡ ಅಂಗಿ, ಚಲ್ಲಣ ಜನರಿಗೆ ರೂಢಿಯಾಯಿತು. ಕುದುರೆ ಹತ್ತಲು, ಹೊಲದಲ್ಲಿ ಬಗ್ಗಲು ಅದೇ ಅನುಕೂಲ. ಚರ್ಚಿನವರು ಮಾತ್ರ ಹಳೆಯ ಉದ್ದಂಗಿಯನ್ನು ಬಿಡಲಿಲ್ಲ. 572ರಲ್ಲಿ ಬ್ರಾಗಾ ಎಂಬ ಊರಿನಲ್ಲಿ ಸೇರಿದ ಧರ್ಮಸಭೆ, ಗುರುಗಳಾದವರು ಹರಡು ಮುಟ್ಟುವ ಬಟ್ಟೆಯನ್ನೇ ತೊಡಬೇಕು ಎಂದು ವಿಧಿಸಿತು. ಬ್ರಾಗಾ ಇರುವುದು ಇಂದಿನ ಪೋರ್ಚುಗಲ್ಲಿನಲ್ಲಿ. ಗೋವೆಗೆ ಪಾದ್ರಿಗಳನ್ನು ಕಳಿಸಿದ ನಾಡಿನಲ್ಲೇ ಈ ಅಳತೆಗೆ ಅದಕ್ಕಿಂತ ಹೆಚ್ಚುಕಡಿಮೆ ಸಾವಿರ ವರ್ಷ ಮೊದಲೇ ಅಪ್ಪಣೆಯಾಗಿತ್ತು.

ಈ ಅಳತೆಯನ್ನು ನಾನು ಕಿವಿಯಾರೆ ಕೇಳಿದ್ದು ಕಲಘಟಗಿಯ ಒಂದು ಟೇಲರ್ ಅಂಗಡಿಯಲ್ಲಿ. ಬಿಳಿ ಟೆರಿಕಾಟನ್ ಬಟ್ಟೆ ಮೇಜಿನ ಆಚೆ ಈಚೆ ಇಳಿಬಿದ್ದಿತ್ತು. ಮಾಮೂಲಿ ಅಂಗಿಯ ಮೇಜು ಅದಕ್ಕೆ ಸಾಲುವುದಿಲ್ಲ. ಹಿರಿಯ ಟೇಲರು ಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆಯುತ್ತಿದ್ದರು.

“ಏನ್ ಹೊಲ್ಯಾಕತ್ತೀರಿ ಕಾಕಾ?”

“ಫಾದರ್ ಅವರ ಅಂಗಿರೀ.”

“ಉದ್ದ ಎಷ್ಟ ಇಡ್ತೀರಿ?”

“ಇಂಚಿನ ಲೆಕ್ಕ ಒಬ್ಬೊಬ್ಬರದ ಒಂದೊಂದರೀ. ನಿಂತಾಗ ಹರಡ ಮುಚ್ಚಬೇಕು, ನಡದಾಗ ಮಣ್ಣಿಗೆ ತಾಗಬಾರದು. ಇಷ್ಟ ನೋಡ್ರಿ ಲೆಕ್ಕ.”

ಆಮೇಲೆ ಅವರು ಬೆನ್ನ ಭಾಗದ ಎರಡು ತುಂಡುಗಳನ್ನು ತೋರಿಸಿದರು. ಸೊಂಟದ ತನಕ ಮೈಗೆ ಹತ್ತಿಕೊಂಡು, ಅಲ್ಲಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಕಟಾವು. ನೆರಿಗೆ ಕೊಡದಿದ್ದರೆ ಹೆಜ್ಜೆ ಹಾಕುವಾಗ ಕಾಲಿಗೆ ತೊಡರುತ್ತದಂತೆ. ಕುತ್ತಿಗೆಯ ಪಟ್ಟಿಯ ಮುಂದೆ ಒಂದು ಸಣ್ಣ ಬಾಯಿ ಬಿಟ್ಟಿದ್ದರು, ಬಿಳಿ ಪ್ಲಾಸ್ಟಿಕ್ ಪಟ್ಟಿ ಅದರೊಳಗೆ ತೂರಿ ಕೂಡುತ್ತದೆ. ಸಾವಿರದ ನಾನೂರು ವರ್ಷದ ಹಿಂದಿನ ಬ್ರಾಗಾದ ವಿಧಿಯನ್ನು ಕಲಘಟಗಿಯಲ್ಲಿ ಒಬ್ಬರು ಪೆನ್ಸಿಲ್ಲು ಕಾಗದವಿಲ್ಲದೆ ಪಾಲಿಸುತ್ತಿದ್ದರು.

ಲ್ಯಾಟಿನ್ ಹರಡಿನಿಂದ ಅಳೆದರೆ ಕನ್ನಡ ಅಳೆದದ್ದು ಇಡೀ ನಿಲುವಿನಿಂದ. ನಿಲುವು ಅಂದರೆ ನಿಂತಾಗಿನ ಎತ್ತರ. ಅಡಿಯಿಂದ ಮುಡಿಯ ತನಕ ಕಾಣಿಸುವ ಕನ್ನಡಿ ನಿಲುಗನ್ನಡಿ, ನಿಂತವನ ಎತ್ತರಕ್ಕೆ ಇಳಿಯುವ ಅಂಗಿ ನಿಲುವಂಗಿ. ಇದನ್ನು ಕ್ರೈಸ್ತರಿಗೆಂದು ಯಾರೂ ಕಟ್ಟಿದ್ದಲ್ಲ. ಅರಮನೆಯ ಅಧಿಕಾರಿ, ಮಠದ ಸ್ವಾಮಿಗಳು, ನಾಟಕದ ದಿವಾನ ಎಲ್ಲರ ಉದ್ದಂಗಿಗೂ ಕನ್ನಡದಲ್ಲಿ ಅದೇ ಮಾತು. ಉತ್ತರ ಕರ್ನಾಟಕದ ಗಂಡಸರ ಜುಬ್ಬಾದ ಬಂಧುಬಳಗವೂ ದೊಡ್ಡದು. ಅರಬ್ಬಿಯ ಜುಬ್ಬ ಎಂಬ ಉದ್ದಂಗಿ ಈ ಕಡೆ ನಮ್ಮ ಧೋತರದ ಮೇಲೆ ಬಂದು ಕೂತಿತು. ಆ ಕಡೆ ಇಟಲಿಯಲ್ಲಿ ಜುಬ್ಬ ಎಂದೇ ಕೋಟಾಯಿತು, ಫ್ರಾನ್ಸಿನಲ್ಲಿ ಜ್ಯೂಪ್ ಎಂಬ ಹೆಂಗಸರ ಲಂಗವಾಯಿತು. ಬಟ್ಟೆಯ ಹೆಸರುಗಳು ಹೀಗೆ ತಿರುಗುವುದನ್ನು ನೋಡಿದರೆ ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆಯುವುದು ಕಷ್ಟ.

ಕನ್ನಡಕ್ಕೆ ಬೈಬಲ್ಲನ್ನು ತಂದವರಿಗೆ ಉಡುಪಿನ ಪದಗಳು ಒಂದು ದೊಡ್ಡ ಕೆಲಸವೇ ಆಗಿದ್ದಿರಬೇಕು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅದರ ಹಿಂದೆ ದುಡಿದವರು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆ ನಿಂತ ಮೇಲೆ ಭಾಷಾಂತರ ಮತ್ತೆ ಮತ್ತೆ ತಿದ್ದುಪಡಿಯಾಯಿತು. ವಿಮೋಚನಕಾಂಡದ 28ನೇ ಅಧ್ಯಾಯ ಪೂರ್ತಿ ಮಹಾಯಾಜಕ ಆರೋನನ ಬಟ್ಟೆಬರೆಯ ವಿವರವೇ. ನೂಲು, ಬಣ್ಣ, ಅಂಚು, ಗೆಜ್ಜೆ ಎಲ್ಲವೂ ಅಲ್ಲಿ ಬರುತ್ತವೆ. ಇಂದು ನಮ್ಮ ಕೈಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ಯಾಜಕರ ಉದ್ದಂಗಿಯೂ ನಿಲುವಂಗಿ, ಯಾಕೋಬ ತನ್ನ ಮುದ್ದಿನ ಮಗ ಯೋಸೇಫನಿಗೆ ಮಾಡಿಸಿಕೊಟ್ಟದ್ದೂ ನಿಲುವಂಗಿ. ಗುರುವಿನ ಬಟ್ಟೆಗೂ ಕುರಿ ಕಾಯುವವರ ಮನೆಯ ಹುಡುಗನ ಬಟ್ಟೆಗೂ ಒಂದೇ ಪದ. ಅಗಸೆ ನಾರಿನ ನಯವಾದ ಬಟ್ಟೆ ಬಂದಲ್ಲೆಲ್ಲ ನಾರುಮಡಿ ಎಂದು ಹಾಕಿದ್ದಾರೆ. ನಮ್ಮ ಮನೆಗಳ ಮಡಿಯ ಮಾತು ಯೆರೂಸಲೇಮಿನ ದೇವಾಲಯದೊಳಕ್ಕೆ ಹೋಗಿ ಅಲ್ಲಿಯೂ ಸಲೀಸಾಗಿ ನಿಂತಿದೆ. ಈ ಎರಡು ಪದಗಳನ್ನು ಆಯ್ದವರ ಕಿವಿ ಬಹಳ ಚೆನ್ನಾಗಿತ್ತು ಎಂದು ನಾನು ನಂಬಿದ್ದೇನೆ.

ಇದೇ ಅಧ್ಯಾಯವನ್ನು ವಿವರಿಸುತ್ತ ಸಂತ ಜೆರೋಮ್ 4ನೇ ಶತಮಾನದ ಕೊನೆಯಲ್ಲಿ ಫಾಬಿಯೋಲಾ ಎಂಬ ರೋಮಿನ ಹೆಣ್ಣುಮಗಳಿಗೆ ಒಂದು ದೀರ್ಘ ಪತ್ರ ಬರೆದ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಮಹಾಪಂಡಿತ ಆತ. ಯಾಜಕನ ಒಳಂಗಿ ಮೈಗೆ ಅಂಟಿಕೊಂಡಂತೆ ಇರುತ್ತದೆ ಎಂದು ಹೇಳಬೇಕಾಗಿ ಬಂದಾಗ, ಓದುವವರಿಗೆ ಸುಲಭವಾಗಲಿ ಎಂದು ಬೀದಿಯ ಮಾತೊಂದನ್ನು ಬಳಸುತ್ತೇನೆ ಎಂದು ಅಪ್ಪಣೆ ಕೇಳಿಕೊಂಡ. ಸಿಪಾಯಿಗಳು ತೊಡುವ ನಾರಿನ ಅಂಗಿ ಇದೆಯಲ್ಲ, ‘ಕಮೀಸಿಯ’ ಅನ್ನುತ್ತಾರಲ್ಲ, ಅದರಂತೆ ಎಂದು ಬರೆದ. ಆ ಬೀದಿಯ ಮಾತು ಅರಬ್ಬಿಗೆ ಹೋಗಿ ಕಮೀಸ್ ಆಯಿತು, ಪಾರಸಿ–ಉರ್ದುವಿನ ದಾರಿ ಹಿಡಿದು ನಮ್ಮಲ್ಲಿಗೆ ಬಂತು. ಕಲಘಟಗಿಯ ಸಂತೆಯಲ್ಲಿ ಹೆಣ್ಣುಮಕ್ಕಳು ಕೊಳ್ಳುವ ಸಲ್ವಾರ್ ಕಮೀಜಿನ ಕಮೀಜು ಅದೇ. ಯೂರೋಪಿನಲ್ಲಿ ಪೂಜೆಗೆ ನಿಲ್ಲುವ ಗುರುಗಳ ಬಿಳಿ ಅಂಗಿಗೂ ಕೆಲವು ಕಾಲ ಕಮೀಸಿಯ ಎಂದೇ ಹೆಸರಿತ್ತು. ಸಿಪಾಯಿಯ ಬಟ್ಟೆಯನ್ನು ತೋರಿಸಿ ಯಾಜಕನ ಬಟ್ಟೆಯನ್ನು ತಿಳಿಸಿದ ಆ ಪಂಡಿತನ ಮೇಲೆ ನನಗೆ ತುಂಬ ಗೌರವ.

ನಿಲುವಂಗಿ ದಿನದ ಬಟ್ಟೆ. ಬಲಿಪೂಜೆಯ ಹೊತ್ತಿಗೆ ಕಥೋಲಿಕ ಗುರುಗಳು ಅದರ ಮೇಲೆ ಬೇರೆ ಪೂಜಾವಸ್ತ್ರ ಹಾಕಿಕೊಳ್ಳುತ್ತಾರೆ. ತೋಳಿಲ್ಲದ, ಹೆಗಲ ಮೇಲಿಂದ ಸುತ್ತಲೂ ಇಳಿಬೀಳುವ, ಹಬ್ಬಕ್ಕೆ ತಕ್ಕಂತೆ ಹಸಿರು, ಕೆಂಪು, ನೇರಳೆ, ಬಿಳಿ ಬಣ್ಣಕ್ಕೆ ತಿರುಗುವ ಆ ವಸ್ತ್ರದ ಲ್ಯಾಟಿನ್ ಹೆಸರು ಕಾಸುಲ. ಕಾಸ ಅಂದರೆ ಗುಡಿಸಲು, ಕಾಸುಲ ಅಂದರೆ ಪುಟ್ಟ ಗುಡಿಸಲು. 7ನೇ ಶತಮಾನದಲ್ಲಿ ಸೆವಿಲ್‌ನ ಇಸಿದೋರ್ ಇದನ್ನು ಬಿಡಿಸಿ ಹೇಳಿದ್ದಾನೆ: ಅದು ತಲೆಗವಸು ಇದ್ದ ಬಟ್ಟೆ, ಆಳನ್ನು ಇಡಿಯಾಗಿ ಮುಚ್ಚುವುದರಿಂದ ಚಿಕ್ಕ ಮನೆ ಎಂದು ಹೆಸರು. ಅದರ ಮೂಲ ರೋಮಿನ ದಾರಿಹೋಕರು, ಆಳುಮಕ್ಕಳು, ಬಡವರು ಮಳೆಗೆ ಚಳಿಗೆ ಹೊದ್ದುಕೊಳ್ಳುತ್ತಿದ್ದ ಒರಟು ಹೊದಿಕೆ.

ಇದನ್ನು ಓದಿದಾಗ ದೇವಿಕೊಪ್ಪದ ಆಷಾಢದ ಮಳೆ ಕಣ್ಣಿಗೆ ಕಟ್ಟಿತು. ಕಂಬಳಿ ಕೊಪ್ಪೆಯನ್ನು ಕಂಡವರಿಗೆ ಕಾಸುಲವನ್ನು ವಿವರಿಸುವ ಅಗತ್ಯವೇ ಇಲ್ಲ. ಕರಿಕಂಬಳಿಯನ್ನು ಎರಡಾಗಿ ಮಡಚಿ, ಒಂದು ಮೂಲೆಯನ್ನು ಒಳಕ್ಕೆ ಕೊಟ್ಟು ತಲೆಗೆ ಸಿಕ್ಕಿಸಿಕೊಂಡರೆ ನೆತ್ತಿಯಿಂದ ಮೊಣಕಾಲಿನ ತನಕ ಒಂದು ಗೂಡು ತಯಾರು. ಒಳಗೆ ಕೈ ಎರಡೂ ಖಾಲಿ. ಸಸಿ ಹಚ್ಚಬಹುದು, ಎತ್ತಿನ ಹಗ್ಗ ಹಿಡಿಯಬಹುದು, ಬದುವಿನ ಮೇಲೆ ಕೂತು ಬೀಡಿ ಹೊತ್ತಿಸಬಹುದು. ಕುರಿಯ ಉಣ್ಣೆಯ ಎಣ್ಣೆ ಜಿಡ್ಡಿಗೆ ನೀರು ಒಳಗಿಳಿಯದೆ ಹನಿಹನಿಯಾಗಿ ಅಂಚಿನಿಂದ ಜಾರುತ್ತದೆ. ಗೋಣಿಚೀಲದ ಕೊಪ್ಪೆ ಬಡವರಲ್ಲಿ ಬಡವರದು, ಪ್ಲಾಸ್ಟಿಕ್ ಹಾಳೆ ಈಗಿನವರದು. ಕೊಪ್ಪ ಎಂದರೆ ನಾಲ್ಕಾರು ಗುಡಿಸಲುಗಳ ಪುಟ್ಟ ಊರು. ಕೊಪ್ಪಕ್ಕೂ ಕೊಪ್ಪೆಗೂ ಒಂದೇ ಬೇರು ಎಂದು ನಾನು ಹೇಳಹೊರಟಿಲ್ಲ. ಆದರೆ ಗುಡಿಸಲಿನ ಹೆಸರನ್ನು ಹೊದಿಕೆಗೆ ಇಟ್ಟ ರೋಮಿನ ಆಳಿಗೆ ದೇವಿಕೊಪ್ಪದ ಗದ್ದೆಯಲ್ಲಿ ಕೊಪ್ಪೆ ಹಾಕಿ ನಿಂತವನು ಅಪರಿಚಿತನಾಗಿ ಕಾಣುತ್ತಿರಲಿಲ್ಲ. ಚಿನ್ನದ ಜರಿ, ರೇಷ್ಮೆಯ ಶಿಲುಬೆ ಎಲ್ಲವೂ ಆಮೇಲೆ ಅದರ ಮೇಲೆ ಬಂದು ಕೂತವು. ಮೆರವಣಿಗೆಯಲ್ಲಿ ಬಿಷಪ್ಪರು ಹೊದೆಯುವ ಇನ್ನೊಂದು ದೊಡ್ಡ ಮೇಲ್ವಸ್ತ್ರದ ಹೆಸರು ಪ್ಲುವಿಯಾಲೆ. ಪ್ಲುವಿಯ ಅಂದರೆ ಮಳೆ. ಅದೂ ಮಳೆಯ ಹೊದಿಕೆಯೇ.

ಚಾಪೆಲ್ ಎಂಬ ಪದದೊಳಗೂ ಒಂದು ಹೊದಿಕೆ ಅಡಗಿದೆ. ಸಂತ ಮಾರ್ಟಿನ್ ಇನ್ನೂ ಸೈನಿಕನಾಗಿದ್ದಾಗ, ಫ್ರಾನ್ಸಿನ ಆಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತನ್ನ ಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂದು ಕಥೆ. ಲ್ಯಾಟಿನ್ನಿನಲ್ಲಿ ಆ ತುಂಡು ಹೊದಿಕೆ ಕಾಪೆಲ್ಲ. ಫ್ರಾಂಕ್ ರಾಜರು ಅದನ್ನು ಕಾಪಾಡಿ ಇಟ್ಟ ಜಾಗಕ್ಕೂ ಕಾಪೆಲ್ಲ ಎಂದೇ ಹೆಸರಾಯಿತು, ಕಾಯುವವರು ಚಾಪ್ಲಿನ್ ಆದರು. ಕೊಂಕಣಿಗರು ಸಣ್ಣ ಪ್ರಾರ್ಥನಾಲಯಕ್ಕೆ ಕೊಪೆಲ್ ಅನ್ನುವುದು ಇದೇ ಪದವನ್ನು ಪೋರ್ಚುಗೀಸರಿಂದ ಪಡೆದು.

ಗುರುಗಳಾದವರು ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೇ ಎಂಬ ಪ್ರಶ್ನೆಗೆ ಚರ್ಚಿನೊಳಗೇ ಬಹಳ ಹಳೆಯ ಉತ್ತರವೊಂದಿದೆ. 428ರಲ್ಲಿ ಪೋಪ್ ಮೊದಲನೆಯ ಸೆಲೆಸ್ಟಿನ್, ಇಂದಿನ ದಕ್ಷಿಣ ಫ್ರಾನ್ಸಿನ ಬಿಷಪ್ಪರಿಗೆ ಪತ್ರ ಬರೆದು, ಕೆಲವರು ವಿಚಿತ್ರ ವೇಷ ತೊಟ್ಟು ತಿರುಗುತ್ತಿರುವುದನ್ನು ಆಕ್ಷೇಪಿಸಿದರು. ಜನರ ನಡುವೆ ನಾವು ಗುರುತಾಗಬೇಕಾದ್ದು ಬೋಧನೆಯಿಂದ, ನಡತೆಯಿಂದ, ಶುದ್ಧ ಮನಸ್ಸಿನಿಂದ, ಬಟ್ಟೆಯಿಂದಲ್ಲ ಎಂಬುದು ಆ ಪತ್ರದ ಸಾರ. ಈ ಮಾತಿಗೆ ಕನ್ನಡದ ನೆಲದಲ್ಲಿ ನೆಂಟರು ಬೇಕಾದಷ್ಟು ಜನ. ಹನ್ನೆರಡನೇ ಶತಮಾನದ ಶರಣರು ವೇಷಧಾರಿಗಳನ್ನು ಕಂಡು ಆಡಿದ ಕಟುಮಾತುಗಳನ್ನು ಧಾರವಾಡದ ಸೀಮೆಯಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ವಿಚಿತ್ರವೆಂದರೆ ಅದೇ ಚರ್ಚು ಮುಂದೆ ಬ್ರಾಗಾದಲ್ಲಿ ಹರಡಿನ ಅಳತೆ ನಿಗದಿ ಮಾಡಿತು. ಎರಡೂ ಮಾತು ಇಂದಿಗೂ ಜೊತೆಯಲ್ಲೇ ನಡೆದಿವೆ.

ಭಾರತಕ್ಕೆ ಬಂದ ಮೇಲೆ ಈ ಪ್ರಶ್ನೆ ಹೊಸ ರೂಪ ತಾಳಿತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿತ್ ರಾಬರ್ಟೊ ದೆ ನೋಬಿಲಿ ತನ್ನ ಕರಿಯ ನಿಲುವಂಗಿ ಬಿಚ್ಚಿಟ್ಟು ಕಾವಿ ಉಟ್ಟ. ಕರಿಯ ಉದ್ದಂಗಿಯೆಂದರೆ ಜನರ ಕಣ್ಣಿಗೆ ಪರಂಗಿ, ಕಾವಿಯೆಂದರೆ ಸನ್ಯಾಸಿ. ಅವನ ಸಂಗಡಿಗರಲ್ಲೇ ಗದ್ದಲವಾಗಿ ದೂರು ರೋಮಿನ ತನಕ ಹೋಯಿತು. 1623ರಲ್ಲಿ ಪೋಪ್ 15ನೇ ಗ್ರೆಗರಿ ಅವನ ಪರವಾಗಿ ತೀರ್ಪು ಕೊಟ್ಟರು. ಅದೇ ದಾರಿ ಹಿಡಿದು ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಕಟ್ಟಿದ, ಕನ್ನಡ ಕಲಿತ, ಕನ್ನಡದಲ್ಲಿ ಬರೆದ. ಮುಂದೆ ಅದೇ ಪ್ರಾಂತದಲ್ಲಿ ದುಡಿದ ಫ್ರೆಂಚ್ ಗುರು ಅಬ್ಬೆ ದುಬುವಾನನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಕನ್ನಡ ಕಥೋಲಿಕರು ಇಂದಿಗೂ ತಮ್ಮ ಗುರುಗಳಿಗೆ ‘ವಂದನೀಯ ಸ್ವಾಮಿ’ ಎಂದು ಬರೆಯುವುದುಂಟು.

ನಮ್ಮ ಸೀಮೆಯ ಹತ್ತಿರದ ಉದಾಹರಣೆ ಬೆಳಗಾವಿ ಜಿಲ್ಲೆಯ ದೇಶನೂರು. ಅಲ್ಲಿ ಜೆಸ್ವಿತ್ ಗುರುಗಳು ಕಾವಿ ತೊಟ್ಟು, ಮಾಂಸ ಬಿಟ್ಟು, ಲಿಂಗಾಯತ ವಿರಕ್ತಮಠಗಳ ರೀತಿ ನೋಡಿ ತಮ್ಮ ಆಶ್ರಮ ಕಟ್ಟಿಕೊಂಡರು. ಹಳ್ಳಿಯ ಜನ ಅವರನ್ನು ಸ್ವಾಮಿಗಳು ಎಂದೇ ಕಂಡರು. ಇದು ಮೋಸವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಸವಾರನ ಕೋಟನ್ನು, ರೋಮಿನ ಮಳೆಹೊದಿಕೆಯನ್ನು ತನ್ನದು ಮಾಡಿಕೊಂಡ ಪರಂಪರೆ ಧಾರವಾಡದ ಕಾವಿಯನ್ನೂ ತನ್ನದು ಮಾಡಿಕೊಂಡರೆ ಅದರಲ್ಲಿ ಹೊಸದೇನೂ ಇಲ್ಲ. ತೊಟ್ಟವರು ಆ ಬಣ್ಣಕ್ಕೆ ತಕ್ಕಂತೆ ಬದುಕಿದರೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ, ಅದು ಎಲ್ಲ ಮಠ, ಎಲ್ಲ ಚರ್ಚುಗಳಿಗೂ ಕೇಳಬೇಕಾದದ್ದು.

ಇಲ್ಲಿ ಕಫನಿಯನ್ನು ನೆನೆಯದೆ ಮುಂದೆ ಹೋಗಲಾಗದು. ಕುಂದಗೋಳದಿಂದ ಶಿಶುನಾಳದ ತನಕ ಫಕೀರರೂ ಸಾಧುಗಳೂ ಒಟ್ಟಿಗೇ ನಡೆದ ನೆಲ ಇದು. ಅವರು ತೊಡುವ ಹೊಲಿಗೆ ಕಡಿಮೆಯ ಉದ್ದಂಗಿ ಕಫನಿ. ಕಫನ್ ಎಂದರೆ ಶವಕ್ಕೆ ಹೊದಿಸುವ ಬಟ್ಟೆ. ಬದುಕಿರುವಾಗಲೇ ಲೋಕದ ಆಸೆಗೆ ಸತ್ತೆ ಎಂದು ಸಾರುವ ಉಡುಪು ಅದು. ಕಥೋಲಿಕರಲ್ಲಿ ಕರಿಯ ನಿಲುವಂಗಿಗೆ ಕೊಡುವ ವಿವರಣೆಯೂ ಇದೇ: ಲೋಕಕ್ಕೆ ಸತ್ತವನು ನಾನು. ನಮ್ಮಂಥ ಬಿಸಿಲ ನಾಡಿನಲ್ಲಿ ಗುರುಗಳು ಬಿಳಿಯನ್ನೇ ತೊಡುವುದರಿಂದ ಈ ಅರ್ಥ ನಮಗೆ ಎದ್ದು ಕಾಣುವುದಿಲ್ಲ.

ಉಳಿದ ಕೆಲವು ಅರ್ಥಗಳು ಆಮೇಲೆ ಹಚ್ಚಿದವು. ಮುಂದಿನ ಗುಂಡಿಗಳು 33, ಯೇಸು ಬದುಕಿದ ವರ್ಷಗಳು ಎಂದು ಹೇಳುವ ರೂಢಿಯಿದೆ. ಚಂದದ ಮಾತು, ಆದರೆ ಎಲ್ಲ ನಿಲುವಂಗಿಗೂ ಅಷ್ಟು ಗುಂಡಿ ಇರುವುದಿಲ್ಲ, ಜೆಸ್ವಿತರ ಅಂಗಿಗೆ ಗುಂಡಿಯ ಸಾಲೇ ಇಲ್ಲ, ಸೊಂಟಪಟ್ಟಿಯಿಂದ ಬಿಗಿದುಕೊಳ್ಳುತ್ತಾರೆ. ಪಾದ್ರಿ ಅಂದೊಡನೆ ನೆನಪಾಗುವ ಕುತ್ತಿಗೆಯ ಬಿಳಿಪಟ್ಟಿ ಎಲ್ಲಕ್ಕಿಂತ ಹೊಸದು. ಅದು 19ನೇ ಶತಮಾನದಲ್ಲಿ ಬ್ರಿಟನ್ನಿನ ಪ್ರೊಟೆಸ್ಟೆಂಟರಲ್ಲಿ ಶುರುವಾಗಿ ಕಥೋಲಿಕರಿಗೂ ಬಂದದ್ದು. ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತಲ್ಲ, ಹೆಚ್ಚುಕಡಿಮೆ ಆ ನಿಘಂಟಿನ ಓರಗೆಯದು ಆ ಪಟ್ಟಿ.

ಇದೇ ಮನೆತನದ ಬಟ್ಟೆ ಚರ್ಚಿನ ಹೊರಗೂ ನಮ್ಮ ಕಣ್ಣೆದುರಿಗೇ ಇದೆ. ವಕೀಲರ ಕುತ್ತಿಗೆಯಿಂದ ಎರಡು ನಾಲಗೆಯಂತೆ ಇಳಿಬೀಳುವ ಬಿಳಿ ಬ್ಯಾಂಡು 17ನೇ ಶತಮಾನದ ಕಾಲರಿನ ಉಳಿಕೆ. ಪ್ರೊಟೆಸ್ಟೆಂಟ್ ಪಾಸ್ಟರುಗಳೂ ವಕೀಲರೂ ಅದನ್ನು ಒಟ್ಟಿಗೇ ಉಳಿಸಿಕೊಂಡರು. ಹಳೆಯ ಪಾಸ್ಟರುಗಳ ಫೋಟೊವೊಂದನ್ನು ನೋಡಿ, 2008ರಲ್ಲಿ ಧಾರವಾಡದಲ್ಲಿ ಶುರುವಾದ ಹೈಕೋರ್ಟ್ ಪೀಠದ ಮೆಟ್ಟಿಲ ಮೇಲೆ ಹತ್ತು ನಿಮಿಷ ನಿಂತರೆ ಯಾರಿಗಾದರೂ ಇದು ಕಾಣುತ್ತದೆ: ಕರಿಯ ಗೌನು, ಬಿಳಿಯ ಬ್ಯಾಂಡು, ಎರಡೂ ಅವೇ.

ವಿಶ್ವವಿದ್ಯಾಲಯದ ಗೌನಂತೂ ನೇರವಾಗಿ ಗುರುಗಳ ಬಟ್ಟೆಯೇ. ಪ್ಯಾರಿಸ್, ಆಕ್ಸ್‌ಫರ್ಡುಗಳಲ್ಲಿ ಮಧ್ಯಯುಗದ ವಿದ್ಯಾರ್ಥಿಗಳು ಚರ್ಚಿನ ಜನರೆಂದೇ ಲೆಕ್ಕ, ತೊಡುತ್ತಿದ್ದದ್ದೂ ಚರ್ಚಿನ ಉದ್ದಂಗಿ. 2010ರ ಏಪ್ರಿಲ್‌ನಲ್ಲಿ ಭೋಪಾಲದ ಘಟಿಕೋತ್ಸವದಲ್ಲಿ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ವೇದಿಕೆಯ ಮೇಲೇ ಗೌನು ತೆಗೆದು, ಇದು ವಸಾಹತು ಕಾಲದ ಕುರುಹು, ಮಧ್ಯಯುಗದ ಪಾದ್ರಿ–ಪೋಪರಂತೆ ನಾವೇಕೆ ವೇಷ ಹಾಕಬೇಕು ಎಂದು ಕೇಳಿದರು. ಬಟ್ಟೆಯ ವಂಶಾವಳಿಯನ್ನು ಅವರು ಸರಿಯಾಗಿಯೇ ಹೇಳಿದ್ದರು. ಆಮೇಲೆ ಕೈಮಗ್ಗದ ಉಡುಪನ್ನು ಬಳಸಿ ಎಂದು ಯುಜಿಸಿಯೂ ಸಲಹೆ ಕೊಟ್ಟಿತು, ಹಲವು ಕಡೆ ಗೌನಿನ ಜಾಗಕ್ಕೆ ಶಲ್ಯ ಬಂದಿದೆ. ಕೈಮಗ್ಗದವರಿಗೆ ನಾಲ್ಕು ದುಡ್ಡು ಸಿಗುವುದಾದರೆ ಅದು ಆಗಲಿ ಎಂದೇ ನಾನೂ ಹೇಳುತ್ತೇನೆ. ಆದರೆ ಗೌನು ಪರದೇಶದ್ದು ಎಂಬ ಒಂದೇ ಕಾರಣ ಸಾಲದು. ಹಾಗೆ ತೆಗೆಯುತ್ತ ಹೋದರೆ ಜುಬ್ಬಾ, ಕಮೀಜು ಎರಡನ್ನೂ ತೆಗೆದಿಡಬೇಕಾಗುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಆಗಿನಿಂದ ನವಲಗುಂದ, ಕುಂದಗೋಳ, ಕಲಘಟಗಿಯ ರೈತರ ಮಕ್ಕಳು ಅಲ್ಲಿ ಪದವಿ ಪಡೆದಿದ್ದಾರೆ. ಘಟಿಕೋತ್ಸವದ ಗೌನಿನ ಬೆನ್ನ ಮೇಲೆ ಬಣ್ಣದ ಬಟ್ಟೆಯೊಂದು ಇಳಿಬಿದ್ದಿರುತ್ತದೆ. ಅದು ಮೂಲದಲ್ಲಿ ಮಳೆ ಬಂದಾಗ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ ಕೊಪ್ಪೆ. ಕನ್ನಡ ಪತ್ರಿಕೆಗಳು ಚಿನ್ನದ ಪದಕ ಗೆದ್ದವರ ಫೋಟೊದ ಕೆಳಗೆ ಆ ಗೌನನ್ನೂ ನಿಲುವಂಗಿ ಎಂದೇ ಬರೆಯುತ್ತ ಬಂದಿವೆ.